ಬೆಕ್ಕಿಗೆ ಬಾಗಿಲು ತೆರೆದ ಮಣ್ಣು

1947ರ ಜನವರಿ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರಿನಲ್ಲಿ ಕೊರೆಯುವ ಚಳಿ. ಅಲ್ಲಿನ ಹೆಂಗಸೊಬ್ಬರು ತಮ್ಮ ಬೆಕ್ಕಿನ ಮಲಮೂತ್ರದ ಪೆಟ್ಟಿಗೆಗೆ ಹಾಕುತ್ತಿದ್ದ ಮರಳಿನ ಗುಡ್ಡೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮರಳಿನ ಬದಲು ಬೂದಿ ಹಾಕಿ ನೋಡಿದರೆ ಮನೆ ತುಂಬ ಬೆಕ್ಕಿನ ಹೆಜ್ಜೆಗುರುತು. ಕೊನೆಗೆ ಆಕೆ ಒಂದಿಷ್ಟು ಮರಳು ಕೇಳಲು ನೆರೆಯ ಎಡ್ವರ್ಡ್ ಲೋ ಬಳಿ ಹೋದರು. ನೌಕಾಪಡೆಯಿಂದ ಮರಳಿದ್ದ ಲೋ, ಕಾರ್ಖಾನೆಯ ನೆಲಕ್ಕೆ ಚೆಲ್ಲಿದ ಎಣ್ಣೆ ಹೀರುವ ಸಾಮಾನು ಮಾರುವ ಅಪ್ಪನ ವ್ಯಾಪಾರದಲ್ಲಿದ್ದ. ಮರಳಿನ ಬದಲು ಒಂದು ಚೀಲ ಒಣಗಿದ ಜೇಡಿಮಣ್ಣಿನ ಹರಳು ಕೊಟ್ಟು ಕಳಿಸಿದ. ಕೆಲ ದಿನಗಳಲ್ಲೇ ಆಕೆ ಇನ್ನಷ್ಟು ಕೇಳಿಕೊಂಡು ಬಂದರು. ಬೆಕ್ಕು ಮತ್ತು ಮನುಷ್ಯನ ಸಂಬಂಧದ ಚರಿತ್ರೆಯಲ್ಲಿ ಹೊಸ ಅಧ್ಯಾಯ ತೆರೆದದ್ದು ಹೀಗೆ.

ಆ ಮಣ್ಣು ನಮಗೆ ಅಪರಿಚಿತವಲ್ಲ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಗೆ ಸೇರಿದ್ದು ಅದು. ಇಂಗ್ಲಿಷಿನಲ್ಲಿ ಅದಕ್ಕೆ ಫುಲ್ಲರ್ಸ್ ಅರ್ತ್, ಅಂದರೆ ಉಣ್ಣೆಬಟ್ಟೆ ಹದಮಾಡುವವರ ಮಣ್ಣು ಎಂಬ ಹೆಸರು. ಈ ಮಣ್ಣಿಗೂ ಮೂತ್ರಕ್ಕೂ ಇರುವ ನಂಟು ಬೆಕ್ಕಿನಿಂದ ಶುರುವಾದದ್ದಲ್ಲ. ಪ್ರಾಚೀನ ರೋಮಿನ ಅಗಸರು ಹಳೆಯ ಮೂತ್ರದಲ್ಲಿ ಉಣ್ಣೆಬಟ್ಟೆಯನ್ನು ತುಳಿಯುತ್ತಿದ್ದರು; ಅದರಲ್ಲಿನ ಅಮೋನಿಯ ಜಿಡ್ಡು ಬಿಡಿಸುತ್ತಿತ್ತು. ಇಂಥ ಮಣ್ಣೂ ಅವರ ಕಸುಬಿನ ಸಾಮಗ್ರಿಯೇ. ಮೂತ್ರಕ್ಕೆ ಎಷ್ಟು ಬೆಲೆಯಿತ್ತೆಂದರೆ ವೆಸ್ಪೇಸಿಯನ್ ಚಕ್ರವರ್ತಿ ಅದರ ಮೇಲೆ ತೆರಿಗೆಯನ್ನೇ ಹಾಕಿದ. ಮಗ ಟೈಟಸ್ ಅಸಹ್ಯಪಟ್ಟಾಗ, ಆ ತೆರಿಗೆಯ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತಿದೆಯೇ ಎಂದು ಕೇಳಿದನೆಂದು ಚರಿತ್ರೆಕಾರ ಸ್ಯೂಟೋನಿಯಸ್ ಬರೆದಿದ್ದಾನೆ.

ರೋಮಿನ ಅಗಸರಿಗೆ ಅನ್ನ ಕೊಟ್ಟ ಅಮೋನಿಯವೇ ಬೆಕ್ಕಿಗೆ ಶಾಪವಾಯಿತು. ಸಾಕುಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ಒಣನಾಡಿನ ಕಾಡುಬೆಕ್ಕು. ನೀರು ಸಿಗದ ಕಡೆ ಬದುಕಿದ ಪ್ರಾಣಿಯಾದ್ದರಿಂದ ಅದರ ಮೂತ್ರಪಿಂಡ ಒಂದೊಂದು ಹನಿಯನ್ನೂ ಉಳಿಸಿಕೊಳ್ಳುತ್ತದೆ. ಹೊರಬರುವ ಮೂತ್ರ ಬಲು ಗಾಢ. ಅದರಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಮೂಗಿಗೆ ಬಡಿಯುವ ಅಮೋನಿಯ ಏಳುತ್ತದೆ. ಸಾಲದ್ದಕ್ಕೆ, ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ಗಂಧಕಯುಕ್ತ ಅಮೈನೊ ಆಮ್ಲವೂ ಇದೆ. ಬೀಜ ತೆಗೆಯದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು. ಬೆಕ್ಕಿನದೇ ಆದ ಆ ಘಾಟು ಇದರಿಂದ ಬರುತ್ತದೆ. ತಾನು ಮಾಡಿದ್ದನ್ನು ಮಣ್ಣು ಕೆದರಿ ಮುಚ್ಚುವ ಬೆಕ್ಕಿನ ಶಿಸ್ತು ಬಯಲಿನಲ್ಲಿ ಸಾಕು, ನಾಲ್ಕು ಗೋಡೆಗಳ ನಡುವೆ ಸಾಲದು.

ಆದ್ದರಿಂದಲೇ ಸಾವಿರಾರು ವರ್ಷ ಬೆಕ್ಕು ಮನೆಯ ಅರೆಸದಸ್ಯನಾಗಿ ಉಳಿಯಿತು. ಇಲಿ ಹಿಡಿಯಲು ಕಣಜ, ಕೊಟ್ಟಿಗೆ, ಅಟ್ಟ ಬೇಕು. ದೇಹಬಾಧೆಗೆ ಮಾತ್ರ ಹಿತ್ತಿಲು. ಅಪ್ಪಿತಪ್ಪಿ ಒಳಗೆ ಗಲೀಜು ಮಾಡಿದರೆ ನಮ್ಮ ಅಜ್ಜಿಯಂದಿರು ಒಲೆಯ ಬೂದಿ ಸುರಿದು ಗೋರಿ ಎಸೆಯುತ್ತಿದ್ದರು. ಬೂದಿ ಪಸೆಯನ್ನೇನೋ ಹೀರುತ್ತದೆ. ಆದರೆ ಅದು ಕ್ಷಾರ. ಕ್ಷಾರ ತಾಗಿದರೆ ಅಮೋನಿಯ ಇನ್ನೂ ಬೇಗ ಗಾಳಿಗೇರುತ್ತದೆ. ಮರಳಿನದು ಇನ್ನೊಂದು ಕಥೆ: ಮೂತ್ರ ಅದರ ಕಾಳುಗಳ ಸಂದಿನಲ್ಲಿ ಇಳಿದು ತಳದಲ್ಲಿ ನಿಲ್ಲುತ್ತದೆ. ಜೇಡಿಯ ಹರಳಾದರೋ ತನ್ನ ಸೂಕ್ಷ್ಮ ರಂಧ್ರಗಳೊಳಗೆ ದ್ರವವನ್ನು ಸೆಳೆದುಕೊಳ್ಳುತ್ತದೆ. ಅದರ ಪದರಗಳ ಋಣ ವಿದ್ಯುದಂಶ ಅಮೋನಿಯಂ ಅಯಾನುಗಳನ್ನು ಒಂದಿಷ್ಟು ಹೊತ್ತಾದರೂ ಹಿಡಿದಿಡುತ್ತದೆ.

ಲೋ ಹತ್ತು ಕಾಗದದ ಚೀಲಗಳಲ್ಲಿ ಐದೈದು ಪೌಂಡ್ ಮಣ್ಣು ತುಂಬಿ ‘ಕಿಟಿ ಲಿಟರ್’ ಎಂದು ಬರೆದು ಅಂಗಡಿಗೆ ಒಯ್ದ. ಮರಳು ಪುಕ್ಕಟೆಯಂತೆ ಸಿಗುವಾಗ ಇದಕ್ಕೆ 65 ಸೆಂಟ್ ಯಾರು ಕೊಡುತ್ತಾರೆಂದು ಅಂಗಡಿಯವ ಕೇಳಿದಾಗ, ಹಾಗಾದರೆ ಸುಮ್ಮನೆ ಹಂಚು ಎಂದ. ಒಯ್ದವರು ದುಡ್ಡು ಕೊಟ್ಟು ಕೊಳ್ಳಲು ಮರಳಿ ಬಂದರು. ಮುಂದೆ ಅವನು ಬೆಕ್ಕಿನ ಪ್ರದರ್ಶನಗಳಿಗೆ ಹೋಗಿ, ಪೆಟ್ಟಿಗೆಗಳನ್ನು ತಾನೇ ಬಳಿದು ಶುಚಿ ಮಾಡಿ, ಅದಕ್ಕೆ ಬದಲಾಗಿ ತನ್ನ ಸರಕಿಗೆ ಜಾಗ ಪಡೆಯುತ್ತಿದ್ದ. 1980ರ ದಶಕದಲ್ಲಿ ಥಾಮಸ್ ನೆಲ್ಸನ್ ಎಂಬ ಜೀವರಸಾಯನ ವಿಜ್ಞಾನಿ, ನೆನೆದೊಡನೆ ಉಬ್ಬಿ ಗಟ್ಟಿಯಾಗುವ ಬೆಂಟೊನೈಟ್ ಜೇಡಿಯನ್ನು ಈ ಕೆಲಸಕ್ಕೆ ಹಚ್ಚಿದ. ಇಡೀ ಪೆಟ್ಟಿಗೆ ಬರಿದು ಮಾಡದೆ, ನೆನೆದ ಮುದ್ದೆಯನ್ನಷ್ಟೇ ಗೋರಿ ತೆಗೆಯುವ ಅನುಕೂಲ ಆಗ ಬಂತು. 1990ರಲ್ಲಿ ಲೋ ತನ್ನ ಉದ್ಯಮ ಮಾರಿದಾಗ ಅದರ ಬೆಲೆ ಸುಮಾರು 20 ಕೋಟಿ ಡಾಲರ್.

ಬೆಕ್ಕು ಒಳಗೆ ಬಂದದ್ದಕ್ಕೆ ಈ ಮಣ್ಣೊಂದೇ ಕಾರಣವಲ್ಲ. ಡಬ್ಬಿಯ ಆಹಾರ, ಸಂತಾನಹರಣ ಶಸ್ತ್ರಚಿಕಿತ್ಸೆ, ನಗರದ ಫ್ಲ್ಯಾಟುಗಳು ಎಲ್ಲವೂ ಸೇರಿವೆ. ಆದರೆ ಮೂಗು ಒಪ್ಪದಿದ್ದರೆ ಉಳಿದವು ಎಷ್ಟಿದ್ದರೂ ವ್ಯರ್ಥ. ಇಂದು ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಹಿತ್ತಿಲನ್ನೇ ಕಾಣದ ಬೆಕ್ಕು ಬದುಕುತ್ತಿರುವುದು, ಬಚ್ಚಲಿನ ಮೂಲೆಯ ಆ ಒಂದು ಹಿಡಿ ಹಿತ್ತಿಲನ್ನು ನಂಬಿ.

ಇದಕ್ಕೆ ಬೆಲೆಯೂ ಇದೆ. ನೆಲ ಅಗೆದು ತೆಗೆದ ಜೇಡಿ ಕೆಲ ದಿನ ಪೆಟ್ಟಿಗೆಯಲ್ಲಿದ್ದು ಕಸದ ರಾಶಿ ಸೇರುತ್ತದೆ. ಅದು ಕೊಳೆಯುವ ವಸ್ತುವಲ್ಲ. ಮರದ ಹೊಟ್ಟು, ಜೋಳ, ಕಾಗದದಿಂದ ಮಾಡಿದ ಲಿಟರುಗಳು ಬಂದಿರುವುದಕ್ಕೆ ಇದೂ ಒಂದು ಕಾರಣ. ಇನ್ನು ಸುಗಂಧ ಬೆರೆಸಿದ ಲಿಟರು ಮನುಷ್ಯನ ಮೂಗಿಗಾಗಿ ಮಾಡಿದ್ದು. ನಮಗಿಂತ ಎಷ್ಟೋ ಪಾಲು ಚುರುಕು ಮೂಗಿನ ಬೆಕ್ಕು ಅದನ್ನು ಕಂಡು ಮುಖ ತಿರುಗಿಸಿ, ಸೋಫಾದ ಮೂಲೆ ಹುಡುಕುವುದುಂಟು.

ಯಾವ ಮಣ್ಣೂ ವಾಸನೆಯನ್ನು ಇಲ್ಲವಾಗಿಸುವುದಿಲ್ಲ, ತುಸು ಹೊತ್ತು ತಡೆಹಿಡಿಯುತ್ತದೆ ಅಷ್ಟೆ. ಆ ಅವಧಿಯೊಳಗೆ ಯಾರಾದರೂ ಬಗ್ಗಿ, ಗೋರಿ, ತೆಗೆಯಬೇಕು. ಲೋ ಪ್ರದರ್ಶನಗಳಲ್ಲಿ ಮಾಡಿದ್ದೂ ಅದನ್ನೇ, ನಮ್ಮ ಅಜ್ಜಿಯರು ಮಾಡಿದ್ದೂ ಅದನ್ನೇ. ಬೆಕ್ಕನ್ನು ಒಳಗೆ ಕರೆದದ್ದು ನಾವು. ಅದು ಕೆದರಿ ಮುಚ್ಚುವ ತನ್ನ ಪಾಲಿನ ಕೆಲಸವನ್ನು ಇಂದಿಗೂ ತಪ್ಪಿಸಿಲ್ಲ. ಉಳಿದದ್ದು ನಮ್ಮ ಪಾಲು.