ಚೀಲದೊಳಗಿನ ಹಿಡಿ ಉಪ್ಪು: ತುಂಗಭದ್ರಾ ಬಯಲಿನ ಮೀನುಮರಿ ಮತ್ತು ಲವಣ ಸಮತೋಲ

ಮೀನುಮರಿಗಳು ಹೊಂಡಕ್ಕೆ ಬರುವುದು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಸಾಗಿಸುವಾಗ ಚೀಲದ ನೀರಿಗೆ ಅಡುಗೆ ಉಪ್ಪು ಬೆರೆಸುವ ರೂಢಿ ಮೀನುಕೃಷಿಯಲ್ಲಿದೆ. ರೋಗ ತಡೆಯಲಿಕ್ಕೆ ಎಂದಷ್ಟೇ ಅದನ್ನು ತಿಳಿಯುವುದುಂಟು. ಆ ಉಪ್ಪು ಮೊದಲು ಉಳಿಸುವುದು ಮರಿಯ ಶ್ರಮವನ್ನು ಎಂಬುದು ಈ ಲೇಖನದ ವಾದ.

ಸಿಹಿನೀರ ಮೀನಿನ ರಕ್ತ, ಸಾಂದ್ರತೆಯಲ್ಲಿ, ಲೀಟರಿಗೆ 8–9 ಗ್ರಾಂ ಉಪ್ಪು ಕರಗಿಸಿದ ನೀರಿಗೆ ಸಮ. ಸಮುದ್ರದ ನೀರಿನಲ್ಲಿ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ನಮ್ಮ ಕಾಲುವೆ ನೀರಿನ ಲವಣ ಮೀನಿನ ರಕ್ತದ್ದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಕಿವಿರಿನ ತೆಳುಪೊರೆ ದಾಟಿ ನೀರು ಸದಾ ಒಳಗೆ ಇಳಿಯುತ್ತದೆ, ಉಪ್ಪು ಹೊರಗೆ ಸೋರುತ್ತದೆ. ನೀರಲ್ಲೇ ಇದ್ದರೂ ಈ ಮೀನು ನೀರು ಕುಡಿಯುವುದು ತೀರ ಕಡಿಮೆ. ಅದರ ಮೂತ್ರಪಿಂಡ ತೆಳು ಮೂತ್ರವನ್ನು ಹಗಲಿರುಳು ಹೊರಹಾಕುತ್ತದೆ. ಕಡಲ ಮೀನಿನ ಪಾಡು ಇದಕ್ಕೆ ತಿರುಗುಮುರುಗು: ಅದು ಉಪ್ಪುನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರದಬ್ಬುತ್ತದೆ. ಆ ಕೆಲಸದ ಕೋಶಗಳನ್ನು ಹಾವುಮೀನಿನಲ್ಲಿ ಸಂಶೋಧಕರಾದ ಕೀಸ್ ಮತ್ತು ವಿಲ್ಮರ್ 1932ರಲ್ಲಿ ವಿವರಿಸಿದರು. ಸಿಹಿನೀರ ಮೀನಿನ ಕಿವಿರು ಅತಿ ತೆಳು ನೀರಿನಿಂದಲೂ ಕ್ಲೋರೈಡ್ ಹೆಕ್ಕಿಕೊಳ್ಳುತ್ತದೆಂದು ಆಗಸ್ಟ್ ಕ್ರೋಗ್ 1937ರಲ್ಲಿ ತೋರಿಸಿದರು. ನನಗೆ ಕ್ರೋಗ್ ಅವರ ಪ್ರಯೋಗದ ಸರಳತೆಯೇ ಹೆಚ್ಚು ಇಷ್ಟ: ಮೀನಿನ ತಲೆಭಾಗ ಒಂದು ಕೋಣೆಯಲ್ಲಿ, ಉಳಿದ ಮೈ ಇನ್ನೊಂದರಲ್ಲಿ, ಕ್ಲೋರೈಡ್ ಇಳಿದದ್ದು ತಲೆಯ ಕಡೆಯ ನೀರಿನಲ್ಲಿ ಮಾತ್ರ.

ಬಲೆಗೆ ಸಿಕ್ಕ ಮರಿಯನ್ನು ಅಂಗೈಯಲ್ಲಿ ಹಿಡಿದರೆ ಬೆರಳಿಗೆ ಲೋಳೆ ಅಂಟುತ್ತದೆ. ಆ ಲೋಳೆ ಹೋದಷ್ಟೂ ಮೈಯ ಕಾವಲು ಸಡಿಲ. ಗಾಬರಿಯಲ್ಲಿ ಉಸಿರಾಟ ಹೆಚ್ಚಿ, ಕಿವಿರಿಗೆ ರಕ್ತ ಹೆಚ್ಚು ಹರಿದು, ಉಪ್ಪಿನ ಸೋರಿಕೆಯೂ ಹೆಚ್ಚುತ್ತದೆ. ಚೀಲದ ನೀರಿನಲ್ಲಿ ಒಂದಿಷ್ಟು ಉಪ್ಪಿದ್ದರೆ ಒಳಹೊರಗಿನ ಅಂತರ ತಗ್ಗಿ, ಶ್ರಮ ಉಳಿದು, ಮರಿ ಸುಧಾರಿಸಿಕೊಳ್ಳುತ್ತದೆ.

ಉಪ್ಪು ಬೇಕಾಗುವುದಕ್ಕೆ ಇನ್ನೊಂದು ಕಾರಣ ಹೊಂಡದಲ್ಲೇ ಇದೆ. ಮೇವು, ಗೊಬ್ಬರ ಹೆಚ್ಚಾದ ನೀರಿನಲ್ಲಿ ನೈಟ್ರೈಟ್ ಕೂಡಿದಾಗ ಕಿವಿರು ಅದನ್ನು ಕ್ಲೋರೈಡಿನ ದಾರಿಯಲ್ಲೇ ಒಳಗೆ ಎಳೆದುಕೊಳ್ಳುತ್ತದೆ. ರಕ್ತ ಕಂದಾಗಿ ಆಮ್ಲಜನಕ ಹೊರಲಾರದಾಗುತ್ತದೆ. ನೀರಿನಲ್ಲಿ ಕ್ಲೋರೈಡ್ ಸಾಕಷ್ಟಿದ್ದರೆ ನೈಟ್ರೈಟಿಗೆ ದಾರಿ ಸಿಗುವುದು ಕಷ್ಟ.

ಬಳ್ಳಾರಿಯ ಪಾರ್ವತಿನಗರದಲ್ಲಿ ಕುಳಿತು ಉಪ್ಪನ್ನು ಹೊಗಳುವಾಗ ಕುರುಗೋಡು, ಸಿರುಗುಪ್ಪದ ರೈತರ ಮುಖ ಕಣ್ಣೆದುರು ಬರುತ್ತದೆ. ತುಂಗಭದ್ರೆಯ ಕಾಲುವೆ ನೀರು ನಿಂತ ಎರೆಹೊಲಗಳಲ್ಲಿ ಉಪ್ಪು ಮೇಲೆದ್ದು ಸವುಳಾದದ್ದು ಅವರ ನಿಜವಾದ ನೋವು. ಅಂಥ ನೆಲದಲ್ಲಿ ಹೊಂಡ ತೋಡುವವರು ನೀರು ಎಷ್ಟು ಉಪ್ಪು ಎಂದಷ್ಟೇ ಕೇಳಿದರೆ ಸಾಲದು. ಕಿವಿರು ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂಗಳನ್ನು ಬೇರೆ ಬೇರೆ ದಾರಿಗಳಲ್ಲಿ ಸಾಗಿಸುತ್ತದೆ. ನೀರಿನ ಪರೀಕ್ಷೆಯೂ ಅವನ್ನು ಬೇರೆ ಬೇರೆಯಾಗಿಯೇ ಎಣಿಸಬೇಕು.