ಹಗೇವಿನಿಂದ ಡಬ್ಬಿಗೆ: ಮುಂಬಯಿಯಲ್ಲಿ ಕಾಳು ಕಾಯ್ದ ಕಥೆ

ಓದುಗರೇ, ಕಾಳಿನ ಡಬ್ಬಿಗೂ ಇತಿಹಾಸ ಇದೆ ಅಂದರೆ ನಗಬೇಡಿ. ಬರಗಾಲಕ್ಕೆ ಮೊದಲು ಧಾನ್ಯವನ್ನು ತೆನೆಯಲ್ಲೇ ಬಿಟ್ಟು ಕೂಡಿಡಲು ಹಝ್ರತ್ ಯೂಸುಫರು ಹೇಳಿದ್ದು ನಿಮಗೆ ಗೊತ್ತು. ನಮ್ಮ ಕನ್ನಡ ರೈತರೂ ರಾಗಿ, ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರು. ಗುಟ್ಟು ಒಂದೇ: ಚೆನ್ನಾಗಿ ಒಣಗಿದ ಕಾಳು, ಗಾಳಿಯಾಡದ ಜಾಗ. ಅಲ್ಲಿ ನುಸಿ ಹೆಚ್ಚೋದಿಲ್ಲ.

ಊರು ಬಿಟ್ಟು ಮುಂಬಯಿಗೆ ಬಂದವರಿಗೆ ಚಾಳಿನ ಒಂದೇ ಕೋಣೆಯಲ್ಲಿ ಹಗೇವು ಎಲ್ಲಿ? 1896ರಲ್ಲಿ ಇಲ್ಲಿ ಪ್ಲೇಗ್ ಮೊದಲು ಕಾಣಿಸಿದ್ದು ಧಾನ್ಯದ ಗೋದಾಮುಗಳಿದ್ದ ಮಾಂಡ್ವಿಯಲ್ಲಿ. ಕಾಳಿದ್ದಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ. 1943ರಲ್ಲಿ ಯುದ್ಧಕಾಲದ ರೇಷನ್ ಬಂತು; ಮೂಟೆಯ ಲೆಕ್ಕ ಹೋಗಿ ಕಾರ್ಡಿನ ಲೆಕ್ಕ ಬಂತು. ಆ ಅಳತೆಯ ಕಾಳಿಗೆ ನುಸಿ ಹತ್ತಿದರೆ ಮನೆಯವರ ತುತ್ತೇ ಹೋದಂತೆ.

ಇವತ್ತು ಮಳೆಗಾಲದಲ್ಲಿ ನುಸಿಗೆ ಹೆದರಿ ಕೆಲವರು ಗೋದಾಮಿನ ಗುಳಿಗೆ ಮನೆಗೆ ತರ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತೆ. ಕಿಟಕಿ ಮುಚ್ಚಿ ಮಲಗಿದ ಮಕ್ಕಳ ಜೀವಕ್ಕೇ ಕುತ್ತು. ಗೋದಾಮಿನ ಮದ್ದು ಮನೆಗೆ ಬೇಡವೇ ಬೇಡ.

ಹಿಟ್ಟು ಕೂಡಿಡುವ ಬದಲು ಇಡೀ ಕಾಳು ತನ್ನಿ, ತಿಂಗಳಿಗೆ ಬೇಕಾದಷ್ಟೇ. ಬಿಸಿಲಿಗೆ ಹಾಕಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಹಳೇ ಕಾಳಿನ ಮೇಲೆ ಹೊಸದು ಸುರಿಯಬೇಡಿ. ಡಬ್ಬಿ ತೊಳೆದು ಒಣಗಿಸಿ.

ವಿದ್ಯಾರ್ಥಿಗಳೇ, ನಿಮ್ಮ ದಾದಿ, ನಾನಿಯನ್ನು ಕೇಳಿ: ಕಾಳು ಹೇಗೆ ಇಡ್ತಿದ್ರಿ ಅಂತ. ಅವರು ಹೇಳಿದ್ದನ್ನು ಬರೆದಿಡಿ. ಅದೂ ಇತಿಹಾಸವೇ.