ಹೆಣ ಎತ್ತಿದವರ ಲೆಕ್ಕ

1999ರ ಅಕ್ಟೋಬರ್ 29. ಒಡಿಶಾದ ಪಾರಾದೀಪದ ಹತ್ತಿರ ಚಂಡಮಾರುತ ದಡಕ್ಕೆ ಬಡಿಯಿತು. ಗಾಳಿಯ ವೇಗ ಗಂಟೆಗೆ 260 ಕಿಲೋಮೀಟರ್. ಸಮುದ್ರವೇ ಎದ್ದು ಎರಸಮಾ ಕಡೆಯ ಹಳ್ಳಿಗಳ ಮೇಲೆ ನಡೆದುಬಂತು. ಸರ್ಕಾರದ ಲೆಕ್ಕದಲ್ಲೇ ಸತ್ತ ಜನ ಹತ್ತಿರ ಹತ್ತಿರ 10,000. ದನಕರು ಲಕ್ಷಗಟ್ಟಲೆ.

ಆಮೇಲೆ ಪರಿಹಾರ ಬಂತು. ಹೆಲಿಕಾಪ್ಟರಿನಿಂದ ತಿನ್ನೋ ಪೊಟ್ಟಣ ಬಿದ್ದವು, ಸೈನ್ಯ ಬಂತು, ದೇಶವಿದೇಶದ ಸಂಸ್ಥೆಗಳು ಬಂದವು. ಕೊನೆಗೆ ಪರಿಹಾರವನ್ನು ಅಳೆಯುವ ವರದಿಗಳೂ ಬಂದವು. ಅಕ್ಕಿ ಎಷ್ಟು, ಟಾರ್ಪಾಲು ಎಷ್ಟು, ಎಷ್ಟು ದಿನ ತಡ. ಕೇಳಬೇಕಾದ ಪ್ರಶ್ನೆಗಳೇ, ಬೇಡ ಅನ್ನೋಲ್ಲ. ನಾನು ಕೇಳೋದು ಇನ್ನೊಂದು: ಆ ಹೆಣಗಳನ್ನು ಎತ್ತಿದವರು ಯಾರು?

ನೀರು ಇಳಿದ ಗದ್ದೆಗಳಲ್ಲಿ ಮನುಷ್ಯರು, ದನಗಳು ಒಟ್ಟಿಗೆ ಕೊಳೀತಾ ಬಿದ್ದಿದ್ದವು. ಕೆಲವು ಸ್ವಯಂಸೇವಕರು ಮುಂದೆ ಬಂದು ಹೆಣ ಸುಟ್ಟದ್ದುಂಟು. ಮಿಕ್ಕ ಬಹಳ ಜನ ಮುಟ್ಟಲು ಒಪ್ಪಲಿಲ್ಲ. ಆಗ ಸಾವಿರದೈನೂರು ಕಿಲೋಮೀಟರಿಗೂ ಆಚೆಯ ದಿಲ್ಲಿಯಿಂದ ಜಾಡಮಾಲಿ ಜಾತಿಯ ಕೂಲಿಗಳನ್ನು ಕರೆತಂದರು. ಗೆಳೆಯರೆ, ಮುಳುಗಿದ ನಾಡಿಗೆ ಅಕ್ಕಿ ತಲುಪಿಸೋದು ಕಷ್ಟವಾಗಿತ್ತು, ಜಾತಿ ಮಾತ್ರ ಸಲೀಸಾಗಿ ತಲುಪಿತು. ಸತ್ತ ದನ ಹೊರೋದು ಯಾರ ಪಾಲಿನ ಕೆಲಸ ಅಂತ ನಮ್ಮ ಕೇರಿಯ ಕೂಸಿಗೂ ಗೊತ್ತು. ನಮ್ಮ ತಾತ ಹೊತ್ತ. ಹೊರಲ್ಲ ಅಂತ ಅಪ್ಪ ಊರ ಮುಂದೆ ನಿಂತು ಹೇಳಬೇಕಾಯ್ತು. ಆ ಕೂಲಿಗಳಿಗೆ ದುಡ್ಡು ಕೊಟ್ಟಿದ್ದಾರೆ, ಅದು ಖರ್ಚಿನ ಕಾಲಮ್ಮಿಗೆ ಹೋಗುತ್ತೆ. ಈ ಕೆಲಸಕ್ಕೆ ಇವರನ್ನೇ ಯಾಕೆ ಕರೆದಿರಿ ಅನ್ನೋದಕ್ಕೆ ಕಾಲಮ್ಮೇ ಇಲ್ಲ.

ಬೆಳೆ ಪರಿಹಾರದ ಕತೆಯೂ ಇದೇ. ಅದು ಜಮೀನಿನ ಕಾಗದ ಹಿಡಿದು ಹೋಗುತ್ತೆ. ಒಡಿಶಾದಲ್ಲಿ ಬಾಯಿಮಾತಿನ ಮೇಲೆ ಪಾಲಿಗೆ ಉಳುವವರನ್ನು ಭಾಗಚಾಷಿ ಅಂತಾರೆ. ಅವರ ಹೆಸರು ಕಾಗದದಲ್ಲಿರೋದಿಲ್ಲ. ಬಿತ್ತಿದವನು ಇವನು, ಕೊಚ್ಚಿ ಹೋದದ್ದು ಇವನ ಬೆವರು, ಚೆಕ್ಕು ಒಡೆಯನ ಹೆಸರಿಗೆ.

ಸರ್ಕಾರ ಏನೂ ಕಲಿಯಲಿಲ್ಲ ಅಂದರೆ ಸುಳ್ಳಾಗುತ್ತೆ. 1999ರಲ್ಲಿ ಆ ಕರಾವಳಿಯಲ್ಲಿ ಜನರನ್ನು ಉಳಿಸಿದ್ದು ರೆಡ್‌ಕ್ರಾಸ್ ಕಟ್ಟಿಸಿದ್ದ 23 ಆಶ್ರಯಮನೆಗಳು. ಮುಂದೆ ಅಂಥವು 800ಕ್ಕೂ ಹೆಚ್ಚಾದವು. 2019ರ ಮೇ 3ರಂದು ಫೋನಿ ಬಂದಾಗ ಮೊದಲೇ ಸುಮಾರು 12 ಲಕ್ಷ ಜನರನ್ನು ಸಾಗಿಸಿದ್ದರು, ಸತ್ತವರು 64. ಸಣ್ಣ ಕೆಲಸವಲ್ಲ ಅದು.

ಆದರೆ ಅದೇ ಫೋನಿಯಲ್ಲಿ ಪುರಿ ಜಿಲ್ಲೆಯ ಒಂದು ಹಳ್ಳಿಯ ದಲಿತ ಕುಟುಂಬಗಳನ್ನು ಆಶ್ರಯದ ಬಾಗಿಲಿಂದ ವಾಪಸ್ಸು ಕಳಿಸಿದ್ದು ಪತ್ರಿಕೆಗಳಲ್ಲಿ ಬಂತು. ಅವರು ಮಕ್ಕಳನ್ನು ಅವಚಿಕೊಂಡು ಆಲದ ಮರದ ಬುಡದಲ್ಲಿ ಕೂತರು. ಆ 12 ಲಕ್ಷದೊಳಗೆ ಇವರನ್ನೂ ಬರೆದುಕೊಂಡಿರಾ? ವರದಿ ಬರೆದವರು ಹೇಳಬೇಕು.